ಕೈ ಬೆಂಗಳೂರಿನದ್ದು, ಕಥೆ ಯಾರದ್ದು? ಅನಿಮೇಷನ್ ಚಿತ್ರಗಳ ಶೈಲಿ ಹುಟ್ಟುವ ಬಗೆ

2025ರ ಮಾರ್ಚ್ ಕೊನೆಯ ವಾರ ನೆನಪಿದೆ ಅಲ್ವಾ? ವಾಟ್ಸ್‌ಆ್ಯಪ್ ಡಿಪಿ, ಮದುವೆ ಫೋಟೋ, ಮನೆಯ ನಾಯಿಮರಿ, ರಾಜಕಾರಣಿಗಳ ಪ್ರಚಾರದ ಚಿತ್ರ, ಎಲ್ಲವೂ ದಿಢೀರನೆ ತಿಳಿ ಹಸಿರು, ದುಂಡು ಕೆನ್ನೆಗಳ ಲೋಕಕ್ಕೆ ಸೇರಿಬಿಟ್ಟವು. ಚಾಟ್‌ಜಿಪಿಟಿಯಲ್ಲಿ ಚಿತ್ರ ಬಿಡಿಸುವ ಹೊಸ ಸೌಲಭ್ಯ ಬಂದಿತ್ತು. ಜನ ಅದಕ್ಕೆ ಹೇಳಿದ್ದು ಒಂದೇ ಮಾತು: 'ಘಿಬ್ಲಿ ಥರ ಮಾಡಿಕೊಡು.' ಅದು ಮಾಡಿಕೊಟ್ಟಿತು. ನೋಡೋಕೆ ಚೆನ್ನಾಗಿಯೂ ಇತ್ತು. ಆದರೆ ಜಪಾನಿನ ಆ ಸ್ಟುಡಿಯೊದ ಒಂದಾದರೂ ಸಿನಿಮಾವನ್ನು ಕೂತು ಪೂರ್ತಿ ನೋಡಿದವರಿಗೆ, ಇದರಲ್ಲಿ ಏನೋ ಇಲ್ಲ ಅನ್ನಿಸಿರಬೇಕು.

ಅದೇ ಹೊತ್ತಿಗೆ ಆ ಸ್ಟುಡಿಯೊದ ನಿರ್ದೇಶಕ ಹಯಾವೊ ಮಿಯಾಝಾಕಿಯವರ ಹಳೆಯ ವಿಡಿಯೊ ತುಣುಕೊಂದು ಎಲ್ಲ ಕಡೆ ಹರಿದಾಡಿತು. ಎಐ ಅಂದರೆ 'ಜೀವಕ್ಕೇ ಮಾಡುವ ಅವಮಾನ' ಅಂತ ಅವರು ಹೇಳಿದ್ದಾರೆ ಎಂದು. ಮಾತು ನಿಜ, ಸಂದರ್ಭ ಬೇರೆ. 2016ರಲ್ಲಿ ಜಪಾನಿನ ಎನ್‌ಎಚ್‌ಕೆ ವಾಹಿನಿ ಪ್ರಸಾರ ಮಾಡಿದ ಸಾಕ್ಷ್ಯಚಿತ್ರ ಅದು. ಯುವ ತಂತ್ರಜ್ಞರ ತಂಡವೊಂದು, ತಲೆಯನ್ನೇ ಕಾಲಿನಂತೆ ಬಳಸಿ ತೆವಳುವ ಒಂದು ವಿಕಾರ ದೇಹವನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ ಅವರಿಗೆ ತೋರಿಸುತ್ತದೆ. ಮಿಯಾಝಾಕಿಗೆ ನೆನಪಾಗುವುದು ಅಂಗವೈಕಲ್ಯ ಇರುವ ತಮ್ಮ ಗೆಳೆಯ. ಎದುರು ಸಿಕ್ಕವರ ಕೈಗೆ ಕೈ ತಟ್ಟುವುದೂ ಆ ಗೆಳೆಯನಿಗೆ ಕಷ್ಟ. ನೋವು ಏನೆಂದೇ ಗೊತ್ತಿಲ್ಲದವರು ಇಂಥ ಚಲನೆ ಹುಟ್ಟಿಸುತ್ತಾರಲ್ಲ ಅನ್ನುವುದು ಅವರ ಸಿಟ್ಟು. ಗೆರೆಯನ್ನು ನಕಲು ಮಾಡಿದರು ಅನ್ನುವ ಮಾತೇ ಅಲ್ಲಿಲ್ಲ.

ಶೈಲಿ ಅಂದ ಕೂಡಲೇ ನಾವು ಕಣ್ಣಿಗೆ ಬೀಳುವುದನ್ನು ಹಿಡಿಯುತ್ತೇವೆ. ಬಣ್ಣ, ಗೆರೆ, ಕಣ್ಣಿನ ಗಾತ್ರ. ಸ್ಟುಡಿಯೊ ಒಳಗೆ ಕೂತವರ ತಲೆಬಿಸಿ ಬೇರೆಯೇ ಇರುತ್ತದೆ. ಕಥೆಯನ್ನು ತೀರ್ಮಾನ ಮಾಡುವವರು ಯಾರು? ಯಾವ ಹೊತ್ತಿಗೆ? ಒಮ್ಮೆ ಮಾಡಿದ ತೀರ್ಮಾನವನ್ನು ಬದಲಿಸಲು ಕೈಯಲ್ಲಿ ದುಡ್ಡಿದೆಯಾ? ಅನಿಮೇಷನ್ ಶೈಲಿಯ ಮುಕ್ಕಾಲು ಪಾಲು ಇಲ್ಲೇ ನಿರ್ಧಾರವಾಗುತ್ತದೆ ಅನ್ನುವುದು ನನ್ನ ವಾದ. 'ಮಹಾವತಾರ್ ನರಸಿಂಹ' ಅನಿಮೇಷನ್ ಚಿತ್ರ ಗೆದ್ದ 2025ರಲ್ಲೇ ಬೆಂಗಳೂರಿನ ಸಾವಿರಾರು ಕಲಾವಿದರು ಕೆಲಸ ಕಳೆದುಕೊಂಡರು. ಹಾಗಾಗಿ ಇದು ನಮಗೂ ದೂರದ ವಿಷಯವೇನಲ್ಲ.

ಕೊನೆ ಗೊತ್ತಿಲ್ಲದೆ ಶುರು ಮಾಡುವವರು

ಮೊದಲು ಒಂದು ಮೂಲ ಸಂಗತಿ. ನಟರು ಅಭಿನಯಿಸುವ ಸಿನಿಮಾದಲ್ಲಿ ಒಂದೇ ದೃಶ್ಯವನ್ನು ನಾಲ್ಕು ಕೋನದಲ್ಲಿ ಚಿತ್ರೀಕರಿಸಿ, ಆಮೇಲೆ ಎಡಿಟಿಂಗ್ ಟೇಬಲ್ ಮೇಲೆ ಕಥೆ ಹುಡುಕಬಹುದು. ಅನಿಮೇಷನ್‌ನಲ್ಲಿ ಆ ಐಷಾರಾಮ ಇಲ್ಲ. ಒಂದೊಂದು ಸೆಕೆಂಡಿಗೂ ವಾರಗಟ್ಟಲೆ ದುಡಿಮೆ ಬೇಕು. ಹಾಗಾಗಿ ಎಡಿಟಿಂಗ್ ಮೊದಲೇ ನಡೆಯುತ್ತದೆ, ಸ್ಟೋರಿಬೋರ್ಡ್‌ನಲ್ಲಿ. ಯಾವ ಶಾಟ್, ಕ್ಯಾಮೆರಾ ಎಲ್ಲಿ, ಎಷ್ಟು ಸೆಕೆಂಡ್, ಯಾರ ಮಾತು, ಎಲ್ಲವನ್ನೂ ಚೌಕಚೌಕವಾಗಿ ಬಿಡಿಸಿಟ್ಟುಕೊಳ್ಳುತ್ತಾರೆ. ಸ್ಟೋರಿಬೋರ್ಡ್ ಯಾರ ಕೈಯಲ್ಲಿದೆಯೋ ಸಿನಿಮಾ ಅವರದ್ದು.

ಘಿಬ್ಲಿ ಸ್ಟುಡಿಯೊವನ್ನು 1985ರಲ್ಲಿ ಕಟ್ಟಿದವರು ಮಿಯಾಝಾಕಿ, ಇಸಾವೊ ತಕಹಾತಾ ಮತ್ತು ನಿರ್ಮಾಪಕ ತೋಶಿಯೊ ಸುಝುಕಿ. ಮಿಯಾಝಾಕಿ ತಮ್ಮ ಸಿನಿಮಾಗಳ ಸ್ಟೋರಿಬೋರ್ಡನ್ನು ತಾವೇ ಬಿಡಿಸುತ್ತಾರೆ. ಅದು ಮುಗಿಯುವ ಮುಂಚೆಯೇ ಅನಿಮೇಷನ್ ಕೆಲಸ ಶುರುವಾಗಿರುತ್ತದೆ. ಅಂದರೆ ಮೊದಲ ದೃಶ್ಯಕ್ಕೆ ಬಣ್ಣ ಬೀಳುವಾಗ ಕೊನೆಯ ದೃಶ್ಯ ಏನೆಂದು ನಿರ್ದೇಶಕರಿಗೂ ಖಚಿತವಿಲ್ಲ! 2001ರ 'ಸ್ಪಿರಿಟೆಡ್ ಅವೇ' ಹೀಗೇ ಬೆಳೆದದ್ದು. ಅದರಲ್ಲಿ ಬಿಳಿ ಮುಖವಾಡದ, ಕಪ್ಪು ನೆರಳಿನಂಥ ಒಂದು ಪಾತ್ರ ಇದೆಯಲ್ಲ, ಮೊದಲಿಗೆ ಅದು ಸೇತುವೆ ಮೇಲೆ ಸುಮ್ನೆ ನಿಂತ ಒಂದು ಆಕೃತಿ, ಅಷ್ಟೇ. ಅಂದುಕೊಂಡ ಕಥೆ ತೀರಾ ಉದ್ದವಾಗುತ್ತದೆ ಅಂತ ನಡುವೆ ಗೊತ್ತಾದಾಗ, ಸೇತುವೆ ಮೇಲೆ ನಿಂತಿದ್ದ ಈ ಅನಾಮಿಕನನ್ನು ಒಳಗೆ ಎಳೆದುಕೊಂಡರು. ಈಗ ಆ ಸಿನಿಮಾ ಅಂದರೆ ಅರ್ಧ ಜನರಿಗೆ ಅವನೇ ನೆನಪಾಗುವುದು.

ಇಂಥ ಕೆಲಸದ ಕ್ರಮದಿಂದ ಎಂಥ ಕಥೆ ಬರುತ್ತದೆ ಅಂತ ತಿಳಿಯಲು ಅದೇ ಸಿನಿಮಾದ ರೈಲಿನ ದೃಶ್ಯ ನೋಡಬೇಕು. ಹುಡುಗಿ ಚಿಹಿರೊ ಆರನೇ ಸ್ಟೇಷನ್‌ಗೆ ಹೋಗಬೇಕು. ಪಕ್ಕದಲ್ಲಿ ಮುಖವಾಡದವನು. ಹಳಿ ಪೂರ್ತಿ ನೀರಿನಲ್ಲಿ ಮುಳುಗಿದೆ. ಒಳಗೆ ಕೂತ ಪ್ರಯಾಣಿಕರು ನೆರಳಿನಂತೆ ಅರೆಪಾರದರ್ಶಕ. ಒಬ್ಬೊಬ್ಬರಾಗಿ ಇಳಿದು ಹೋಗುತ್ತಾರೆ. ಯಾರೂ ಮಾತಾಡುವುದಿಲ್ಲ. ಹೊರಗೆ ಹೊತ್ತು ಮುಳುಗುತ್ತದೆ. ಕಥೆಯ ಲೆಕ್ಕದಲ್ಲಿ ಇಲ್ಲಿ ಏನೂ ಆಗುವುದಿಲ್ಲ. 'ರೈಲು ಹತ್ತಿದಳು, ಇಳಿದಳು' ಅಂತ ನಾಲ್ಕು ಸೆಕೆಂಡಿನಲ್ಲಿ ಮುಗಿಸಬಹುದಿತ್ತು. ಆದರೆ ಅಷ್ಟು ಹೊತ್ತು ಓಡುತ್ತ, ಅಳುತ್ತ, ಕೆಲಸ ಮಾಡುತ್ತ ಇದ್ದ ಹುಡುಗಿ ಮೊದಲ ಸಲ ಸುಮ್ಮನೆ ಕೂತಿದ್ದಾಳೆ. ಅವಳು ದೊಡ್ಡವಳಾಗಿದ್ದಾಳೆ ಅಂತ ಯಾರೂ ಹೇಳದೆ ನಮಗೆ ಗೊತ್ತಾಗುತ್ತದೆ. ಈ ದೃಶ್ಯ ಹತ್ತು ಜನರ ಮೀಟಿಂಗ್‌ಗೆ ಹೋಗಿದ್ದರೆ 'ಇಲ್ಲಿ ಲ್ಯಾಗ್ ಆಗ್ತಿದೆ' ಅಂತ ಯಾರಾದರೂ ಒಬ್ಬರು ಖಂಡಿತ ಹೇಳುತ್ತಿದ್ದರು.

ಇದಕ್ಕೆ ತೆರುವ ಬೆಲೆಯೂ ಸಣ್ಣದಲ್ಲ. ಒಬ್ಬರ ತಲೆಯೊಳಗಿರುವ ಶೈಲಿ ಅವರ ದೇಹದ ಮೇಲೇ ನಿಂತಿರುತ್ತದೆ. 2013ರಲ್ಲಿ ಮಿಯಾಝಾಕಿ ನಿವೃತ್ತಿ ಅಂದರು. ಮರುವರ್ಷ ಘಿಬ್ಲಿ ತನ್ನ ಅನಿಮೇಷನ್ ವಿಭಾಗವನ್ನೇ ನಿಲ್ಲಿಸಿತು. ಅವರು ಮನಸ್ಸು ಬದಲಿಸಿದ ಮೇಲೆ ಮತ್ತೆ ತಂಡ ಕಟ್ಟಿ, 2023ರಲ್ಲಿ 'ದಿ ಬಾಯ್ ಅಂಡ್ ದಿ ಹೆರಾನ್' ಬಂತು. ಆಸ್ಕರ್ ಗೆದ್ದಿತು ನಿಜ. ಅವರ ನಂತರ ಆ ಕುರ್ಚಿಯಲ್ಲಿ ಯಾರು ಅನ್ನುವ ಪ್ರಶ್ನೆ ಹಾಗೇ ಇದೆ.

ಅದೇ ಕಟ್ಟಡದ ಇನ್ನೊಬ್ಬ ನಿರ್ದೇಶಕ ತಕಹಾತಾ ಅವರ ವಿಷಯ ನನಗೆ ಇದಕ್ಕಿಂತ ಸ್ವಾರಸ್ಯಕರ ಅನ್ನಿಸುತ್ತದೆ. ಅವರು ಚಿತ್ರಕಾರರೇ ಅಲ್ಲ. ಅನಿಮೇಷನ್‌ನ ದೊಡ್ಡ ನಿರ್ದೇಶಕರಲ್ಲಿ ಒಬ್ಬರು, ಆದರೆ ಚಿತ್ರ ಬಿಡಿಸುತ್ತಿರಲಿಲ್ಲ! ಹಾಗಾಗಿ ತಮ್ಮ ಗೆರೆ ಅನ್ನುವ ಮೋಹ ಅವರಿಗಿರಲಿಲ್ಲ. ಕಥೆಗೆ ತಕ್ಕ ಕೈಯನ್ನು ಪ್ರತಿ ಸಲ ಹುಡುಕಿಕೊಂಡರು. ಯುದ್ಧದ ಕಥೆಗೆ ಒಂದು ಬಗೆ, ಮಧ್ಯಮವರ್ಗದ ಮನೆಯ ತಮಾಷೆಗೆ ಪತ್ರಿಕೆಯ ವ್ಯಂಗ್ಯಚಿತ್ರದಂಥ ಇನ್ನೊಂದು ಬಗೆ. 2013ರ 'ದಿ ಟೇಲ್ ಆಫ್ ದಿ ಪ್ರಿನ್ಸೆಸ್ ಕಗುಯಾ'ದಲ್ಲಂತೂ ನಾಯಕಿಗೆ ನಾಮಕರಣದ ಔತಣ ನಡೆಯುತ್ತಿರುತ್ತದೆ. ಹೊರಗೆ ಕುಡಿದ ಅತಿಥಿಗಳು ಆಡಿಕೊಳ್ಳುವುದು ಅವಳ ಕಿವಿಗೆ ಬೀಳುತ್ತದೆ. ಎದ್ದು ಬಾಗಿಲು ಒಡೆದುಕೊಂಡು ಓಡುತ್ತಾಳೆ. ಮೈಮೇಲಿನ ಬಟ್ಟೆ ಪದರ ಪದರವಾಗಿ ಕಳಚಿ ಬೀಳುತ್ತದೆ. ಅಲ್ಲಿಯವರೆಗೆ ನಾಜೂಕಾಗಿದ್ದ ಗೆರೆ ಇದ್ದಿಲಿನಲ್ಲಿ ಗೀಚಿದ ಹಾಗೆ ಒರಟಾಗುತ್ತದೆ, ಹರಿದುಹೋಗುತ್ತದೆ, ಮುಖವೇ ಮಾಯವಾಗುತ್ತದೆ. ಅವಳ ಸಿಟ್ಟನ್ನು ಅಲ್ಲಿ ಗೆರೆಯೇ ಹೇಳುತ್ತದೆ.

ಎಂಟು ಸಲ ಕೆಡವಿ ಕಟ್ಟುವ ಮನೆ

ಅಮೆರಿಕದ ಪಿಕ್ಸಾರ್ ಸ್ಟುಡಿಯೊದ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಸ್ಟೋರಿಬೋರ್ಡ್ ಚಿತ್ರಗಳನ್ನು ಜೋಡಿಸಿ, ಸ್ಟುಡಿಯೊದವರದ್ದೇ ಧ್ವನಿ ಹಾಕಿ, ಇಡೀ ಸಿನಿಮಾವನ್ನು ಕಚ್ಚಾ ರೂಪದಲ್ಲಿ ಓಡಿಸಿ ನೋಡುತ್ತಾರೆ. ಇತರ ನಿರ್ದೇಶಕರು, ಕಥೆಗಾರರು ಕೂತು ತಪ್ಪು ತೆಗೆಯುತ್ತಾರೆ. ಕೆಲವು ತಿಂಗಳು ಬಿಟ್ಟು ಮತ್ತೆ ಅದೇ. ಒಂದು ಸಿನಿಮಾಕ್ಕೆ ಏಳೆಂಟು ಸಲ ಹೀಗೆ ಆಗುವುದುಂಟು.

ಈ ಪದ್ಧತಿಯ ಬೇರು ಒಂದು ಅವಮಾನದಲ್ಲಿದೆ. 1993ರ ನವೆಂಬರ್‌ನಲ್ಲಿ 'ಟಾಯ್ ಸ್ಟೋರಿ'ಯ ಕಚ್ಚಾ ರೂಪವನ್ನು ಡಿಸ್ನಿಯವರಿಗೆ ತೋರಿಸಿದರು. ಅದರಲ್ಲಿ ಕೌಬಾಯ್ ಗೊಂಬೆ ವುಡಿ ಎಷ್ಟು ಕೆಟ್ಟವನಾಗಿದ್ದ ಅಂದರೆ ನೋಡಿದವರಿಗೆ ಅಸಹ್ಯ ಆಯಿತು. ಡಿಸ್ನಿ ಕೆಲಸ ನಿಲ್ಲಿಸಿ ಅಂದಿತು. ಪಿಕ್ಸಾರ್‌ನವರು ಸ್ವಲ್ಪ ಸಮಯ ಕೇಳಿಕೊಂಡು, ಹಗಲು ರಾತ್ರಿ ಕೂತು ಪಾತ್ರವನ್ನೇ ತಿರುಗಿಸಿದರು. 1995ರಲ್ಲಿ ಅದು ಪೂರ್ತಿ ಕಂಪ್ಯೂಟರ್‌ನಲ್ಲೇ ತಯಾರಾದ ಮೊದಲ ಕಥಾಚಿತ್ರವಾಗಿ ಬಂತು. ಅಂದಹಾಗೆ, ಗೊಂಬೆಗಳ ಕಥೆಯನ್ನೇ ಆರಿಸಿಕೊಂಡಿದ್ದಕ್ಕೂ ಕಾರಣ ಇತ್ತು. ಆ ಕಾಲದ ಕಂಪ್ಯೂಟರ್ ಏನು ಮಾಡಿದರೂ ಪ್ಲಾಸ್ಟಿಕ್ ಥರ ಕಾಣುತ್ತಿತ್ತು. ಹಾಗಾದರೆ ಪ್ಲಾಸ್ಟಿಕ್ಕಿನದ್ದೇ ಕಥೆ ಇರಲಿ ಅಂದುಕೊಂಡರು.

2015ರ 'ಇನ್‌ಸೈಡ್ ಔಟ್' ಇನ್ನೂ ಒಳ್ಳೆ ಉದಾಹರಣೆ. ಹುಡುಗಿಯ ತಲೆಯೊಳಗಿನ ಸಂತೋಷ ಮತ್ತು ಭಯ ಜೊತೆಯಾಗಿ ದಾರಿ ತಪ್ಪುತ್ತವೆ ಅನ್ನುವುದು ಮೊದಲ ಕಥೆ. ವರ್ಷಗಟ್ಟಲೆ ಕೆಲಸ ಆದ ಮೇಲೆ ನಿರ್ದೇಶಕ ಪೀಟ್ ಡಾಕ್ಟರ್ ಅವರಿಗೆ ಇದು ಎಲ್ಲೂ ಹೋಗುತ್ತಿಲ್ಲ ಅನ್ನಿಸಿತು. ಭಯದ ಜಾಗಕ್ಕೆ ದುಃಖವನ್ನು ತಂದರು. ಇಡೀ ಸಿನಿಮಾದ ಅರ್ಥವೇ ಬದಲಾಯಿತು. ಇಂಥ ತಿದ್ದುಪಡಿ ಮಾಡಲು ಧೈರ್ಯ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಧೈರ್ಯಕ್ಕಿಂತ ಜಾಸ್ತಿ ಬೇಕಾದ್ದು, ಅಷ್ಟು ವರ್ಷದ ಸಂಬಳ ಕೊಡುವ ತಾಕತ್ತು.

ಪಿಕ್ಸಾರ್ ಕಥೆಗಳಲ್ಲಿ ಮೊದಲಲ್ಲಿ ಕಂಡ ಪ್ರತಿ ಸಣ್ಣ ವಸ್ತುವೂ ಕೊನೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಅಷ್ಟು ಬಿಗಿ. ಅದು ಹತ್ತಾರು ಜನ ಪದೇ ಪದೇ ತಿದ್ದಿದ್ದರ ಫಲ. ಆದರೆ ಇದೇ ಉಜ್ಜುವಿಕೆ ಒಮ್ಮೊಮ್ಮೆ ಅಂಚುಗಳನ್ನೆಲ್ಲ ಸವೆಸಿಬಿಡುತ್ತದೆ. 2025ರ 'ಎಲಿಯೊ' ನಡುವಿನಲ್ಲೇ ನಿರ್ದೇಶಕರು ಬದಲಾದ ಸಿನಿಮಾ. ಬಿಡುಗಡೆಯ ಮೊದಲ ವಾರಾಂತ್ಯದ ಗಳಿಕೆಯಲ್ಲಿ ಪಿಕ್ಸಾರ್‌ನ ಇತಿಹಾಸದಲ್ಲೇ ತಳಕ್ಕೆ ಹೋಯಿತು. ಅದರ ಹಿಂದಿನ ವರ್ಷವಷ್ಟೇ 'ಇನ್‌ಸೈಡ್ ಔಟ್ 2' ಸುಮಾರು 170 ಕೋಟಿ ಡಾಲರ್ ಬಾಚಿತ್ತು. ಯಂತ್ರ ಅದೇ. ಹೊಸ ಕಥೆಯನ್ನು ಹುಡುಕಲು ಕಟ್ಟಿದ ಯಂತ್ರ ಈಗ ಗೊತ್ತಿರುವ ಕಥೆಯನ್ನು ನುಣುಪು ಮಾಡುವುದರಲ್ಲಿ ಹೆಚ್ಚು ಪಳಗಿದೆ ಅಂತ ಕಾಣುತ್ತದೆ.

ಇವೆರಡನ್ನೂ ಬಿಟ್ಟ ಮೂರನೇ ದಾರಿಯೊಂದು ಲಾಟ್ವಿಯಾದಿಂದ ಬಂತು. ಗಿಂಟ್ಸ್ ಜಿಲ್ಬಲೋಡಿಸ್ ಅನ್ನುವ ಯುವಕ ತನ್ನ ಮೊದಲ ಚಿತ್ರವನ್ನು ಒಬ್ಬನೇ ಕೂತು ಮಾಡಿದ್ದ. ಎರಡನೆಯದು 'ಫ್ಲೋ'. ಮಾತಿಲ್ಲ. ಪ್ರವಾಹದಲ್ಲಿ ಒಂದು ದೋಣಿ, ಅದರಲ್ಲಿ ಬೆಕ್ಕು, ನಾಯಿ, ಕ್ಯಾಪಿಬರಾ, ಲೆಮೂರ್, ಒಂದು ಹಕ್ಕಿ. ಬಳಸಿದ್ದು ಬ್ಲೆಂಡರ್ ಅನ್ನುವ ಉಚಿತ ಸಾಫ್ಟ್‌ವೇರ್. ಖರ್ಚು ಸುಮಾರು 35 ಲಕ್ಷ ಯೂರೊ. ಸ್ಟೋರಿಬೋರ್ಡ್ ಬಿಡಿಸುವ ಬದಲು ನಿರ್ದೇಶಕ ನೇರವಾಗಿ ಕಂಪ್ಯೂಟರ್ ಒಳಗಿನ ಕಾಡಿಗೆ ಕ್ಯಾಮೆರಾ ಹಿಡಿದು ಇಳಿದಂತೆ ಕೆಲಸ ಮಾಡಿದ. ಹಾಗಾಗಿ ಅದರಲ್ಲಿ ಕಟ್ ಕಡಿಮೆ, ಉದ್ದುದ್ದ ಶಾಟ್‌ಗಳು ಜಾಸ್ತಿ. ಕ್ಯಾಮೆರಾ ಬೆಕ್ಕಿನ ಹಿಂದೆ ಓಡುತ್ತದೆ, ತಡವರಿಸುತ್ತದೆ, ನೀರಿಗೂ ಬೀಳುತ್ತದೆ. ಚೌಕದಲ್ಲಿ ಬಿಡಿಸುವವರಿಗೆ ಇಂಥ ಶಾಟ್ ಹೊಳೆಯುವುದು ಕಷ್ಟ. 2025ರ ಆಸ್ಕರ್‌ನಲ್ಲಿ ಅದು 'ಇನ್‌ಸೈಡ್ ಔಟ್ 2' ಚಿತ್ರವನ್ನೂ ಹಿಂದಿಕ್ಕಿತು.

ಯೋಗಿ ಕರಡಿಯ ಟೈ

ಕೊರತೆ ಹೇಗೆ ಶೈಲಿಯಾಗುತ್ತದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟದ ಸಾಕ್ಷಿ ಹಳೆಯ ಟಿವಿ ಕಾರ್ಟೂನ್ ಕರಡಿ ಯೋಗಿ ಬೇರ್‌ನ ಕೊರಳಪಟ್ಟಿ ಮತ್ತು ಟೈ. ಕಾಡಿನ ಕರಡಿಗೆ ಟೈ ಯಾಕೆ? 'ಟಾಮ್ ಅಂಡ್ ಜೆರ್ರಿ' ಮಾಡುತ್ತಿದ್ದ ಹ್ಯಾನಾ ಮತ್ತು ಬಾರ್ಬೆರಾ, ಎಂಜಿಎಂ ಕಂಪನಿ 1957ರಲ್ಲಿ ಕಾರ್ಟೂನ್ ವಿಭಾಗ ಮುಚ್ಚಿದಾಗ ಟಿವಿಗೆ ಬಂದರು. ಟಿವಿಯಲ್ಲಿ ದುಡ್ಡು ಬಹಳ ಕಡಿಮೆ. ಪಾತ್ರ ಮಾತಾಡುವಾಗಲೆಲ್ಲ ಇಡೀ ಮೈ ಬಿಡಿಸಲು ಸಾಧ್ಯವಿಲ್ಲ. ಕೊರಳಿಗೆ ಪಟ್ಟಿ ಹಾಕಿದರೆ ತಲೆ ಬೇರೆ, ಮೈ ಬೇರೆ ಮಾಡಬಹುದು. ಮೈ ಹಾಗೇ ಇರುತ್ತದೆ, ತಲೆ ಮಾತ್ರ ಅಲ್ಲಾಡುತ್ತದೆ. ಸೇರುವ ಜಾಗವನ್ನು ಪಟ್ಟಿ ಮುಚ್ಚುತ್ತದೆ.

ಇದರಿಂದ ಕಥೆಯೂ ಬದಲಾಯಿತು. ಟಾಮ್ ಮತ್ತು ಜೆರ್ರಿ ಹೆಚ್ಚುಕಮ್ಮಿ ಮಾತೇ ಆಡುವುದಿಲ್ಲ, ಬರೀ ಓಡುತ್ತವೆ. ಯೋಗಿ ಓಡುವುದು ಕಡಿಮೆ, ಬಾಯಿ ಮುಚ್ಚುವುದೇ ಇಲ್ಲ. ಚಲನೆ ದುಬಾರಿ, ಮಾತು ಅಗ್ಗ. ಜೋಕ್ ಕೈಕಾಲಿನಿಂದ ಬಾಯಿಗೆ ಬಂತು. ಇವತ್ತಿನ ನಮ್ಮ ಟಿವಿ ಕಾರ್ಟೂನ್‌ಗಳ ತನಕ ಈ ಲೆಕ್ಕ ಹಾಗೇ ಬಂದಿದೆ. 2008ರಲ್ಲಿ ಶುರುವಾದ 'ಛೋಟಾ ಭೀಮ್'ನಲ್ಲಿ ಭೀಮ ಲಾಡು ತಿಂದ ಕೂಡಲೇ ಬಲ ಬರುವುದು ನೆನಪಿರಬಹುದು. ಇಂಥ ತುಣುಕನ್ನು ಒಮ್ಮೆ ಮಾಡಿಟ್ಟುಕೊಂಡರೆ ಮತ್ತೆ ಮತ್ತೆ ಬಳಸಬಹುದು. ಮಕ್ಕಳಿಗೂ ಅದೇ ಬೇಕು, ಕಾಯುತ್ತಾರೆ.

ಜಪಾನಿನಲ್ಲಿ ಒಸಾಮು ತೆಝುಕಾ 1963ರ ಜನವರಿ 1ರಂದು 'ಆಸ್ಟ್ರೊ ಬಾಯ್' ಶುರು ಮಾಡಿದಾಗಲೂ ಇದೇ ಕಥೆ. ವಾರಕ್ಕೊಂದು ಕಂತು, ಪುಡಿಗಾಸಿನ ಬಜೆಟ್. ಸೆಕೆಂಡಿಗೆ 24 ಫ್ರೇಮ್ ಓಡಿದರೂ ಹೊಸ ಚಿತ್ರ ಎಂಟು, ಒಮ್ಮೊಮ್ಮೆ ಅದಕ್ಕಿಂತ ಕಡಿಮೆ. ಮುಖ ಹಾಗೇ ನಿಲ್ಲುತ್ತದೆ, ಕಣ್ಣು ಮಾತ್ರ ಹೊಳೆಯುತ್ತದೆ. ಹಿನ್ನೆಲೆ ಸರಿಯುತ್ತದೆ, ಪಾತ್ರ ಅಲ್ಲಾಡುವುದಿಲ್ಲ. ಚಲನೆ ಕಡಿಮೆಯಾದ್ದರಿಂದ ಒಂದು ಭಂಗಿ, ಒಂದು ನೋಟ, ಒಂದು ಮೌನಕ್ಕೆ ಭಾರ ಬಂತು. ಅನಿಮೆಯ, ಅಂದರೆ ಜಪಾನಿನ ಅನಿಮೇಷನ್‌ನ ವಿಶೇಷ ಅಂತ ನಾವು ಮೆಚ್ಚುವುದರಲ್ಲಿ ಎಷ್ಟೋ ಅಂದಿನ ಉಳಿತಾಯದಿಂದ ಬಂದದ್ದು. ನಮ್ಮ ತೊಗಲು ಗೊಂಬೆಯಾಟದಲ್ಲೂ ಮುಖಭಾವ ಬದಲಿಸಲು ಬರುವುದಿಲ್ಲ. ಅದಕ್ಕೇ ರಾಜರು, ದೇವರ ಗೊಂಬೆಗಳು ದೊಡ್ಡವು, ಸಾಮಾನ್ಯರವು ಸಣ್ಣವು. ಯಾರು ಎಂಥವರು ಅನ್ನುವುದನ್ನು ಗಾತ್ರವೇ ಹೇಳಿಬಿಡುತ್ತದೆ.

ಕೊರತೆಯನ್ನು ಬೇಕಂತಲೇ ಆರಿಸಿಕೊಂಡ ಸಿನಿಮಾ 2018ರ 'ಸ್ಪೈಡರ್-ಮ್ಯಾನ್: ಇನ್‌ಟು ದಿ ಸ್ಪೈಡರ್-ವರ್ಸ್'. ದುಡ್ಡಿಗೆ ಅಲ್ಲಿ ಬರವಿರಲಿಲ್ಲ. ಆದರೂ ಒಂದು ದೃಶ್ಯದಲ್ಲಿ ಹುಡುಗ ಮೈಲ್ಸ್ ಮತ್ತು ಅನುಭವಿ ಪೀಟರ್ ಕಾಡಿನಲ್ಲಿ ಬಲೆ ಹಿಡಿದು ಜಿಗಿಯುವಾಗ, ಪೀಟರ್‌ಗೆ ಸೆಕೆಂಡಿಗೆ 24 ಭಂಗಿ, ಮೈಲ್ಸ್‌ಗೆ 12 ಮಾತ್ರ. ಇಬ್ಬರೂ ಒಂದೇ ಫ್ರೇಮಿನಲ್ಲಿದ್ದಾರೆ. ಒಬ್ಬ ಬೆಣ್ಣೆಯಂತೆ ಜಾರುತ್ತಾನೆ, ಇನ್ನೊಬ್ಬ ತಡವರಿಸುತ್ತಾನೆ. ಯಾಕೆ ಅಂತ ನೋಡುವವರಿಗೆ ಹೊಳೆಯುವುದಿಲ್ಲ, ಆದರೆ ಹುಡುಗ ಇನ್ನೂ ಕಲಿಯುತ್ತಿದ್ದಾನೆ ಅನ್ನುವುದು ಮೈಗೆ ತಾಗುತ್ತದೆ. ಮುಂದೆ ಅವನು ಪಳಗಿದ ಹಾಗೆ ಚಲನೆಯೂ ನಯವಾಗುತ್ತದೆ. ಎರಡು ಫ್ರೇಮಿಗೆ ಒಂದು ಚಿತ್ರ ಅನ್ನುವುದು ಹಿಂದೆ ದುಡ್ಡು ಉಳಿಸುವ ಉಪಾಯವಾಗಿತ್ತು. ಇಲ್ಲಿ ಅದೇ ಪಾತ್ರದ ಬೆಳವಣಿಗೆಯಾಯಿತು.

ಆಮೇಲೆ ಹಾಲಿವುಡ್‌ನಲ್ಲಿ ಎಲ್ಲರೂ ಇದರ ಮೇಲ್ಮೈಗೆ ಬಿದ್ದರು. ಚುಕ್ಕಿ ಚುಕ್ಕಿ ಮುದ್ರಣದ ಬಣ್ಣ, ಬ್ರಷ್ ಗುರುತು, ತಡವರಿಸುವ ಚಲನೆ. ಕೆಲವಕ್ಕೆ ಹೊಂದಿತು, ಕೆಲವಕ್ಕೆ ಬರೀ ಮೇಕಪ್ ಆಯಿತು. 2025ರ 'ಕೆಪಾಪ್ ಡೀಮನ್ ಹಂಟರ್ಸ್' ಸ್ಪೈಡರ್-ವರ್ಸ್ ಮಾಡಿದ ಸೋನಿ ಕಂಪನಿಯ ಬಳಗದಿಂದಲೇ ಬಂದರೂ ಬೇರೆ ಹಾದಿ ಹಿಡಿಯಿತು. ಚೆಂದದ ಗಾಯಕಿಯರ ಮುಖವನ್ನು ತಮಾಷೆಗೆ ಚಪ್ಪಟೆ ಕಾರ್ಟೂನ್ ಮಾಡಲು ಅದು ಹಿಂಜರಿಯಲಿಲ್ಲ. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಸ್ಪೈಡರ್-ವರ್ಸ್‌ನ ಎರಡನೇ ಭಾಗ 2023ರಲ್ಲಿ ಬಂದಾಗ, ಮುಗಿದ ಶಾಟ್‌ಗಳನ್ನೇ ಮತ್ತೆ ಮತ್ತೆ ಬದಲಿಸಿದ್ದಕ್ಕೆ ಬೇಸತ್ತು ಅನೇಕ ಕಲಾವಿದರು ಕೆಲಸ ಬಿಟ್ಟರು ಎಂಬ ವರದಿಗಳು ಬಂದವು. ಕೊನೆ ಗಳಿಗೆಯವರೆಗೂ ಕಥೆ ಬದಲಿಸುವ ಸ್ವಾತಂತ್ರ್ಯ ಒಬ್ಬರದ್ದು, ನಿದ್ದೆಗೆಡುವುದು ಇನ್ನೊಬ್ಬರದ್ದು.

ಹುಬ್ಬು ಇಲ್ಲದ ಸಿಂಹ

ದುಡ್ಡು, ತಂತ್ರ ಎರಡೂ ಇದ್ದು ಕಥೆ ಸೊರಗಿದ್ದಕ್ಕೆ 2019ರ 'ದಿ ಲಯನ್ ಕಿಂಗ್' ನೋಡಿ. 1994ರ, ಕೈಯಲ್ಲಿ ಬಿಡಿಸಿದ ಚಿತ್ರದಲ್ಲಿ ಮರಿಸಿಂಹ ಸಿಂಬಾ ತಾನು ರಾಜನಾಗುವ ಕನಸಿನ ಹಾಡು ಹಾಡುವಾಗ ಇಡೀ ಪರದೆ ಬದಲಾಗುತ್ತದೆ. ಹಿನ್ನೆಲೆ ಚಪ್ಪಟೆ ಕೆಂಪು, ಹಳದಿ. ಪ್ರಾಣಿಗಳು ಒಂದರ ಮೇಲೊಂದು ಹತ್ತಿ ಗೋಪುರವಾಗುತ್ತವೆ. ಅದು ಮಗುವಿನ ತಲೆಯೊಳಗಿನ ಲೋಕ. 2019ರಲ್ಲಿ ಅದೇ ಹಾಡಿಗೆ ನಿಜವಾದ ಸಿಂಹದಂತೆ ಕಾಣುವ ಮರಿಗಳು ಪ್ರಾಣಿಗಳ ನಡುವೆ ಓಡಾಡುತ್ತವೆ, ಅಷ್ಟೇ. ನಿಜವಾದ ಸಿಂಹಕ್ಕೆ ಹುಬ್ಬು ಏರಿಸಲು ಬರುವುದಿಲ್ಲವಲ್ಲ! ಕೂದಲು ಕೂದಲೂ ನೈಜ, ಮುಖದಲ್ಲಿ ಮಾತ್ರ ಏನೂ ಇಲ್ಲ. ಆದರೂ ಅದು 160 ಕೋಟಿ ಡಾಲರ್ ದಾಟಿತು, ಅದನ್ನೂ ಮರೆಮಾಚಬಾರದು. ಹಳೆಯ ಕಥೆಯ ಮೇಲಿನ ಪ್ರೀತಿ ಜನರನ್ನು ಚಿತ್ರಮಂದಿರಕ್ಕೆ ಕರೆತಂದಿತು.

ಆ ಕೂದಲಿನಲ್ಲಿ ಒಂದಷ್ಟು ಬೆಂಗಳೂರಿನಲ್ಲಿ ಮೂಡಿದ್ದು. ಆ ಚಿತ್ರದ ದೃಶ್ಯಗಳನ್ನು ಮಾಡಿದ ಎಂಪಿಸಿ ಕಂಪನಿಗೆ ಬೆಂಗಳೂರಿನಲ್ಲಿ ದೊಡ್ಡ ಶಾಖೆ ಇತ್ತು. ಅದಕ್ಕೂ ಮುಂಚೆ, 2008ರ ಸುಮಾರಿಗೆ, ಟೆಕ್ನಿಕಲರ್ ಕಂಪನಿ ಜೊತೆ ಸೇರಿ ಹಾಲಿವುಡ್‌ನ ಡ್ರೀಮ್‌ವರ್ಕ್ಸ್ ಸ್ಟುಡಿಯೊ ಇಲ್ಲಿ ತನ್ನದೇ ತಂಡ ಕಟ್ಟಿತ್ತು. 2011ರ 'ಪುಸ್ ಇನ್ ಬೂಟ್ಸ್' ಚಿತ್ರದ ಒಂದು ಪಾಲು ಆ ತಂಡದ ಕೆಲಸ. ರಿಗ್ಗಿಂಗ್ (ಪಾತ್ರದ ಮೈಗೆ ಎಲುಬು, ಕೀಲು ಕೂರಿಸುವುದು), ಲೈಟಿಂಗ್, ಅನಿಮೇಷನ್, ಕಂಪೋಸಿಟಿಂಗ್ (ಪದರಗಳನ್ನೆಲ್ಲ ಒಂದೇ ಚಿತ್ರವಾಗಿ ಕೂಡಿಸುವುದು), ಯಾವುದರಲ್ಲೂ ನಮ್ಮವರು ಕಡಿಮೆಯಿಲ್ಲ. ಇಲ್ಲಿಗೆ ಬಾರದ್ದು ಒಂದೇ, ಸ್ಟೋರಿಬೋರ್ಡ್ ಟೇಬಲ್. ಕಥೆ ತೀರ್ಮಾನವಾದ ಮೇಲೆ ಶಾಟ್‌ಗಳು ಬರುತ್ತಿದ್ದವು. ನಾಲ್ಕು ಸೆಕೆಂಡಿನ ಒಂದು ಶಾಟ್‌ಗೆ ತಿಂಗಳು ಬೆವರು ಸುರಿಸಿದವರಿಗೆ, ಆ ಪಾತ್ರ ಯಾಕೆ ಹಾಗೆ ತಿರುಗಿ ನೋಡುತ್ತದೆ ಅಂತ ಕೇಳುವ ಜಾಗ ಇರಲಿಲ್ಲ.

2025ರ ಫೆಬ್ರುವರಿ ಕೊನೆಯಲ್ಲಿ ಎಂಪಿಸಿಯ ಒಡೆತನ ಹೊಂದಿದ್ದ ಟೆಕ್ನಿಕಲರ್ ಗ್ರೂಪ್ ಕುಸಿಯಿತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಎಂಪಿಸಿಯದೇ ಕೆಲಸವಿದ್ದ, ಲಯನ್ ಕಿಂಗ್ ಸರಣಿಯ 'ಮುಫಾಸಾ' ತೆರೆಕಂಡಿತ್ತು. ಭಾರತದಲ್ಲಿ ಸುಮಾರು 3,000 ಜನ ಕೆಲಸ ಕಳೆದುಕೊಂಡರು, ಹೆಚ್ಚಿನವರು ಬೆಂಗಳೂರಿನವರು ಎಂದು ಆಗ ವರದಿಯಾಯಿತು. ಹೊಸದೇನಲ್ಲ ಇದು. 'ಲೈಫ್ ಆಫ್ ಪೈ'ಗೆ ಹುಲಿ ಮಾಡಿದ ರಿದಮ್ ಅಂಡ್ ಹ್ಯೂಸ್ ಕಂಪನಿ 2013ರಲ್ಲಿ ಆಸ್ಕರ್ ಗೆಲ್ಲುವ ಕೆಲವೇ ದಿನ ಮುಂಚೆ ದಿವಾಳಿ ಅರ್ಜಿ ಹಾಕಿತ್ತು. ಅದಕ್ಕೂ ಹೈದರಾಬಾದ್, ಮುಂಬೈಗಳಲ್ಲಿ ಶಾಖೆಗಳಿದ್ದವು. ಕಥೆಯ ಹಕ್ಕು ಇಟ್ಟುಕೊಂಡವರು ಉಳಿಯುತ್ತಾರೆ, ಶಾಟ್ ಎಣಿಸಿ ಕೂಲಿ ಪಡೆಯುವವರು ಮುಳುಗುತ್ತಾರೆ.

ಪ್ರಹ್ಲಾದ ಬದಲಾಗುವುದಿಲ್ಲ

ಟೆಕ್ನಿಕಲರ್ ಕುಸಿದ 2025ರಲ್ಲೇ, ಜುಲೈ 25ಕ್ಕೆ 'ಮಹಾವತಾರ್ ನರಸಿಂಹ' ಬಂತು. ಮಾಡಿದ್ದು ಕ್ಲೀಮ್ ಪ್ರೊಡಕ್ಷನ್ಸ್, ನಿರ್ದೇಶನ ಅಶ್ವಿನ್ ಕುಮಾರ್, ಅರ್ಪಿಸಿದ್ದು ನಮ್ಮ ಹೊಂಬಾಳೆ ಫಿಲಂಸ್. ಕನ್ನಡದಲ್ಲೂ ಬಂತು. ದೊಡ್ಡ ಸ್ಟಾರ್ ಇಲ್ಲ, ದೊಡ್ಡ ಪ್ರಚಾರ ಇಲ್ಲ. ಆದರೂ ಗಳಿಕೆ 300 ಕೋಟಿ ರೂಪಾಯಿ ದಾಟಿತು ಅಂತ ವರದಿಗಳು ಹೇಳಿದವು. ಭಾರತದ ಯಾವ ಅನಿಮೇಷನ್ ಚಿತ್ರವೂ ಅದರ ಹತ್ತಿರಕ್ಕೆ ಬಂದಿರಲಿಲ್ಲ.

ತಾಂತ್ರಿಕವಾಗಿ ಅದು ಏರುಪೇರಿನ ಸಿನಿಮಾ. ಇಬ್ಬರು ನಿಂತು ಮಾತಾಡುವ ದೃಶ್ಯಗಳಲ್ಲಿ ಮುಖ ಬಿಗಿದುಕೊಂಡಂತೆ ನನಗೆ ಕಂಡಿತು. ಕನ್ನಡದವರಿಗೆ ಇದು ಇನ್ನೂ ಎದ್ದು ಕಾಣುತ್ತದೆ. ಯಾಕೆಂದರೆ ನಮಗೆ ಹಿರಣ್ಯಕಶಿಪು ಅಂದರೆ 1983ರ 'ಭಕ್ತ ಪ್ರಹ್ಲಾದ'ದ ರಾಜ್‌ಕುಮಾರ್, ಎದುರಿಗೆ ಪುಟ್ಟ ಪುನೀತ್. ಅಲ್ಲಿ ಇಡೀ ಕಥೆ ನಿಂತಿರುವುದು ದನಿಯ ಮೇಲೆ, ಮಾತಿನ ಏರಿಳಿತದ ಮೇಲೆ. ಅನಿಮೇಷನ್‌ನ ಹಿರಣ್ಯಕಶಿಪುವಿಗೆ ಆ ದೇಹ ಇಲ್ಲ, ಹಾಗಾಗಿ ಗಾತ್ರ, ಮಾಂಸಖಂಡ, ಸಿಡಿಲು ಬೇಕಾಯಿತು. ಕಂಬ ಒಡೆದ ಮೇಲಿನ ಭಾಗಕ್ಕೆ ಬಂದಾಗ ಮಾತ್ರ ಸಿನಿಮಾ ಎದ್ದು ನಿಂತಿತು. ಮನುಷ್ಯ ನಟನ ಮೈಯಲ್ಲಿ ಸಾಧ್ಯವಿಲ್ಲದ ಉಗ್ರರೂಪ ಅಲ್ಲಿ ಸಾಧ್ಯವಾಯಿತು.

ಪಿಕ್ಸಾರ್ ಪಾಠಶಾಲೆಯ ಪ್ರಕಾರ ಈ ಕಥೆ ನಿಲ್ಲಲೇಬಾರದು. ಅಲ್ಲಿ ನಾಯಕನಿಗೆ ಒಂದು ಕೊರತೆ ಇರಬೇಕು, ಪೆಟ್ಟು ತಿನ್ನಬೇಕು, ಕೊನೆಗೆ ಬದಲಾಗಬೇಕು. ಪ್ರಹ್ಲಾದ ಬದಲಾಗುವುದಿಲ್ಲ. ಬೆಂಕಿಗೆ ಹಾಕಿದರೂ, ಬೆಟ್ಟದಿಂದ ತಳ್ಳಿದರೂ ಮೊದಲ ದೃಶ್ಯದ ಹುಡುಗನೇ ಕೊನೆಯ ದೃಶ್ಯದಲ್ಲೂ ಇರುತ್ತಾನೆ. ಬದಲಾಗಬೇಕಾದ್ದು ಅವನ ಸುತ್ತಲಿನ ಲೋಕ. ನಮ್ಮ ಗೋವಿನ ಹಾಡೂ ಹೀಗೇ. ಪುಣ್ಯಕೋಟಿ ಕೊಟ್ಟ ಮಾತಿನಂತೆ ಹೋಗುತ್ತಾಳೆ, ಕೊಟ್ಟ ಮಾತಿನಂತೆ ಬರುತ್ತಾಳೆ. ಬದಲಾಗುವುದು ಹುಲಿ. ಈ ಹಾಡನ್ನೇ ಇಟ್ಟುಕೊಂಡು ಬೆಂಗಳೂರಿನ ವಿ. ರವಿಶಂಕರ್ ಜನರಿಂದ ದುಡ್ಡು ಕೂಡಿಸಿ, ಬೇರೆ ಬೇರೆ ಊರಿನ ಕಲಾವಿದರನ್ನು ಸೇರಿಸಿ, ಸಂಸ್ಕೃತದಲ್ಲಿ 'ಪುಣ್ಯಕೋಟಿ' ಅನಿಮೇಷನ್ ಚಿತ್ರ ಮಾಡಿದರು. ಇಳಯರಾಜಾ ಸಂಗೀತ. 2020ರಲ್ಲಿ ನೆಟ್‌ಫ್ಲಿಕ್ಸ್‌ಗೂ ಬಂತು. ಎಷ್ಟು ಜನ ನೋಡಿದರು ಅನ್ನುವುದಕ್ಕಿಂತ, ಸ್ಟೋರಿಬೋರ್ಡ್ ಟೇಬಲ್ ಇಲ್ಲೇ ಇತ್ತು ಅನ್ನುವುದು ನನಗೆ ಮುಖ್ಯ.

ಪುರಾಣವನ್ನು ಇನ್ನೊಂದು ರೀತಿ ಹಿಡಿದವರು ಚೀನಾದವರು. 2025ರ ಜನವರಿ ಕೊನೆಗೆ ಬಂದ 'ನ ಝಾ 2' 200 ಕೋಟಿ ಡಾಲರ್ ದಾಟಿ, ಜಗತ್ತಿನಲ್ಲಿ ಅತಿ ಹೆಚ್ಚು ಗಳಿಸಿದ ಅನಿಮೇಷನ್ ಚಿತ್ರವಾಯಿತು. ನಿರ್ದೇಶಕ ಜಿಯಾವ್‌ಝಿ ಓದಿದ್ದು ಔಷಧಶಾಸ್ತ್ರ. ಅದನ್ನು ಬಿಟ್ಟು, ತಾಯಿಯ ಜೊತೆ ಮನೆಯಲ್ಲಿ ವರ್ಷಗಟ್ಟಲೆ ಕೂತು ಒಂದು ಕಿರುಚಿತ್ರ ಮಾಡಿ ಈ ಕ್ಷೇತ್ರಕ್ಕೆ ಬಂದವರು. ಹಳೆಯ ಕಥೆಯಲ್ಲಿ ಹುಡುಗ ನ ಝಾ ತಂದೆತಾಯಿ ಕೊಟ್ಟ ದೇಹವನ್ನು ಅವರಿಗೇ ತಿರುಗಿ ಒಪ್ಪಿಸಿ ಸಾಯುತ್ತಾನೆ. ತಂದೆ ಅಲ್ಲಿ ನಿಷ್ಠುರ. 2019ರ ಮೊದಲ ಭಾಗದಲ್ಲಿ ಜಿಯಾವ್‌ಝಿ ಇದನ್ನು ತಲೆಕೆಳಗು ಮಾಡಿದರು. ಮಗನ ಬದಲಿಗೆ ತಾನು ಸಾಯಲು ತಂದೆ ಸಿದ್ಧನಾಗುತ್ತಾನೆ. ಹುಟ್ಟಿನಿಂದಲೇ 'ದುಷ್ಟ' ಅನ್ನಿಸಿಕೊಂಡ ಹುಡುಗ ತನ್ನ ಹಣೆಬರಹವನ್ನು ತಾನೇ ಬರೆದುಕೊಳ್ಳುತ್ತೇನೆ ಅನ್ನುತ್ತಾನೆ. ಮನೆಯಲ್ಲಿ, ಶಾಲೆಯಲ್ಲಿ ಒತ್ತಡ ಹೊತ್ತ ಇಂದಿನ ಮಕ್ಕಳಿಗೆ ಅದು ತಟ್ಟಿತು. ಎರಡನೇ ಭಾಗಕ್ಕೆ ಚೀನಾದ ನೂರಕ್ಕೂ ಹೆಚ್ಚು ಸಣ್ಣ ದೊಡ್ಡ ಸ್ಟುಡಿಯೊಗಳು ಕೈಜೋಡಿಸಿದವು. ಕೆಲಸ ನೂರಾರು ಕಡೆ ಹಂಚಿಹೋಯಿತು, ಕಥೆ ಮಾತ್ರ ಒಬ್ಬರ ಕೈಯಲ್ಲಿ.

ಮುಂದಿನ ಕ್ಯಾಲೆಂಡರ್

ಕರ್ನಾಟಕ ಸರ್ಕಾರ 2012ರಷ್ಟು ಹಿಂದೆಯೇ ಅನಿಮೇಷನ್, ವಿಎಫ್‌ಎಕ್ಸ್ (ವಿಶುವಲ್ ಎಫೆಕ್ಟ್ಸ್), ಗೇಮಿಂಗ್‌ಗೆ ನೀತಿ ತಂದಿತು. ದೇಶದಲ್ಲೇ ಮೊದಲು. ಈಗ 2024-29ರ ಹೊಸ ನೀತಿ ನಡೆಯುತ್ತಿದೆ. ಇಂಥ ನೀತಿಗಳ ಗಮನ ಉದ್ಯೋಗದ ಸಂಖ್ಯೆ, ತರಬೇತಿ, ರಫ್ತಿನ ಕಡೆಗೇ ಜಾಸ್ತಿ. ತಪ್ಪೇನಿಲ್ಲ. ಆದರೆ ರಫ್ತು ಅಂದರೆ ಬಹುಪಾಲು ಬೇರೆಯವರ ಕಥೆಗೆ ನಮ್ಮ ಕೈ. ಬರಹಗಾರರು, ಸ್ಟೋರಿಬೋರ್ಡ್ ಕಲಾವಿದರು ಎರಡು ವರ್ಷ ಸಂಬಳ ತೆಗೆದುಕೊಂಡು, ಕಚ್ಚಾ ರೂಪ ಮಾಡಿ, ಚೆನ್ನಾಗಿಲ್ಲ ಅಂತ ಹರಿದು ಹಾಕಿ ಮತ್ತೆ ಶುರು ಮಾಡಲು ಯಾರು ದುಡ್ಡು ಕೊಡುತ್ತಾರೆ? ಆ ಖರ್ಚು ಪರದೆಯ ಮೇಲೆ ಕಾಣುವುದಿಲ್ಲ. ಅದಕ್ಕೇ ಯಾವ ನಿರ್ಮಾಪಕರಿಗೂ ಅದು ಬೇಡದ ಖರ್ಚು. ಕೆಲಸ ಕಳೆದುಕೊಂಡ ಕಲಾವಿದರು ಇಲ್ಲೇ ಇದ್ದಾರೆ, ಬ್ಲೆಂಡರ್ ಉಚಿತ, ಪ್ರೇಕ್ಷಕರು ಟಿಕೆಟ್ ಕೊಳ್ಳುತ್ತಾರೆ ಅನ್ನುವುದೂ ಗೊತ್ತಾಗಿದೆ. ಇಷ್ಟೆಲ್ಲ ಒಟ್ಟಿಗೆ ಕೂಡಿಬಂದದ್ದು ಇದೇ ಮೊದಲು.

ಹೊಂಬಾಳೆ ಮತ್ತು ಕ್ಲೀಮ್ ಪ್ರಕಟಿಸಿರುವ ಪಟ್ಟಿಯಲ್ಲಿ ಏಳು ಚಿತ್ರಗಳಿವೆ. ಎರಡು ವರ್ಷಕ್ಕೊಂದರಂತೆ 2037ರವರೆಗೆ. ಕಥೆಗಿಂತ ಮುಂಚೆ ಬಿಡುಗಡೆಯ ವರ್ಷ ನಿಗದಿಯಾಗಿರುವುದು ನನಗೆ ಸ್ವಲ್ಪ ಆತಂಕ. ಎರಡು ವರ್ಷದಲ್ಲಿ ಕೆಡವಿ ಕಟ್ಟುವ ಪುರುಸೊತ್ತು ಸಿಗುವುದು ಕಷ್ಟ. ಪಟ್ಟಿಯ ಪ್ರಕಾರ ಮುಂದಿನದು 2027ರ 'ಮಹಾವತಾರ್ ಪರಶುರಾಮ್'. ಪ್ರಹ್ಲಾದನ ಕಥೆಯಷ್ಟು ಸಲೀಸಲ್ಲ ಅದು. ತಂದೆ ಜಮದಗ್ನಿ ಹೇಳಿದ ಅಂತ ಮಗ ತಾಯಿ ರೇಣುಕೆಯ ತಲೆ ಕಡಿಯುತ್ತಾನೆ. ಪುರಾಣದಲ್ಲಿ ಅದು ಪಿತೃವಾಕ್ಯ ಪಾಲನೆ. ಆದರೆ ಸವದತ್ತಿ ಗುಡ್ಡಕ್ಕೆ 'ಉಧೋ ಉಧೋ' ಅಂತ ಹತ್ತುವ ಲಕ್ಷಾಂತರ ಜನಕ್ಕೆ ರೇಣುಕೆಯೇ ಎಲ್ಲಮ್ಮ, ಅವಳೇ ದೇವರು. ಚೌಡಿಕೆ ಹಿಡಿದು ಹಾಡುವವರು ಹಾಡುವುದು ಅವಳ ಸಂಕಟವನ್ನು. ಕೊಡಲಿ ಎತ್ತುವ ಆ ಶಾಟ್‌ನಲ್ಲಿ ಕ್ಯಾಮೆರಾವನ್ನು ಮಗನ ಹೆಗಲ ಹಿಂದೆ ಇಡುತ್ತಾರೋ, ತಾಯಿಯ ಕಣ್ಣಿನ ಮಟ್ಟದಲ್ಲಿ ಇಡುತ್ತಾರೋ ಅನ್ನುವುದನ್ನು ಯಾವ ಸಾಫ್ಟ್‌ವೇರೂ ತೀರ್ಮಾನಿಸುವುದಿಲ್ಲ. ಆ ಚೌಕವನ್ನು ಬಿಡಿಸಲು ಕೂತವರಿಗೆ ಸವದತ್ತಿಯ ಹಾಡು ಗೊತ್ತಿದೆಯಾ ಅನ್ನುವುದು ನನಗಿರುವ ಕುತೂಹಲ.